ಊರಿಗೆ ಯಾವ ಎಂಜಿನ್: ಪೆಟ್ರೋಲಾ, ಡೀಸೆಲ್ಲಾ?

ರಜೆಯ ಟಿಕೆಟ್ ಬುಕ್ ಆದ ಮೇಲೆ ನಮ್ಮವರ ರೂಮುಗಳಲ್ಲಿ ಒಂದು ಲೆಕ್ಕಾಚಾರ ನಡೆಯುತ್ತಲ್ಲ, ಅದರಲ್ಲಿ ಮನೆ ರಿಪೇರಿ, ತಂಗಿ ಮದುವೆ, ಮಕ್ಕಳ ಫೀಸಿನ ಜೊತೆಗೆ ಈಚೆಗೆ ಇನ್ನೊಂದು ಬಾಬ್ತು ಸೇರಿಕೊಂಡಿದೆ: ಊರಿನ ಜಮೀನಿಗೆ ಒಂದು ಮಿಷನ್. ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ, ಎತ್ತು ಸಾಕುವವರಂತೂ ಮನೆಯಲ್ಲಿ ಯಾರೂ ಉಳಿದಿಲ್ಲ. ಹಾಗಾಗಿ ಟ್ರ್ಯಾಕ್ಟರೋ, ಟಿಲ್ಲರೋ, ಕಳೆ ತೆಗೆಯುವ ವೀಡರೋ ಏನಾದರೂ ಒಂದು ತೆಗೆದುಕೊಡಬೇಕು. ಅಲ್ಲಿಂದ ಮಾತು ಎಂಜಿನ್‌ಗೆ ಬರುತ್ತೆ. ಒಬ್ಬರು ಪೆಟ್ರೋಲ್ ಸಾಕು ಅಂತಾರೆ, ಇನ್ನೊಬ್ಬರು ಡೀಸೆಲ್ ಬಿಟ್ಟು ಬೇರೆ ಮುಟ್ಟಲೇಬೇಡಿ ಅಂತಾರೆ. ಓದುಗರು ಈ ಪ್ರಶ್ನೆಯನ್ನು ನಮಗೆ ಮತ್ತೆ ಮತ್ತೆ ಕೇಳುತ್ತಿದ್ದಾರೆ. ನಮ್ಮ ಬಳಗದಲ್ಲಿ ಗ್ಯಾರೇಜಿನವರು, ಜನರೇಟರ್ ನೋಡಿಕೊಳ್ಳುವವರು, ಊರಲ್ಲಿ ಹತ್ತು ವರ್ಷ ಟಿಲ್ಲರ್ ಹಿಡಿದು ಇಲ್ಲಿಗೆ ಬಂದವರು ಇದ್ದಾರೆ. ಅವರ ಜೊತೆ ಎರಡು ಶುಕ್ರವಾರ ಕೂತು ಮಾತಾಡಿ ಇದನ್ನು ಬರೆದಿದ್ದೇವೆ.

ಮೊದಲು ಒಂದು ಗೊಂದಲ ಬಗೆಹರಿಸೋಣ. ನೀವು ಕೇಳುತ್ತಿರುವುದು 35, 45 ಎಚ್.ಪಿ.ಯ ದೊಡ್ಡ ಟ್ರ್ಯಾಕ್ಟರ್ ಬಗ್ಗೆ ಆದರೆ ಪ್ರಶ್ನೆಯೇ ಇಲ್ಲ. ನಮ್ಮ ದೇಶದ ಶೋರೂಮುಗಳಲ್ಲಿ ನಿಂತಿರುವ ಆ ಗಾತ್ರದ ಟ್ರ್ಯಾಕ್ಟರುಗಳೆಲ್ಲ ಡೀಸೆಲ್. ಇಲ್ಲಿ ಗಲ್ಫಿನಲ್ಲಿ ಪಿಕಪ್, ದೊಡ್ಡ ಜೀಪು ಎಲ್ಲ ಪೆಟ್ರೋಲಿನಲ್ಲೇ ಓಡೋದು ನೋಡಿದವರಿಗೆ ಇದು ವಿಚಿತ್ರ ಅನ್ನಿಸುತ್ತೆ. ಯು.ಎ.ಇ.ಯಲ್ಲಿ 2015ರ ಆಗಸ್ಟ್‌ನಿಂದ ತಿಂಗಳು ತಿಂಗಳು ದರ ಪ್ರಕಟಿಸುತ್ತಾರೆ, ಎಷ್ಟೋ ಸಲ ಡೀಸೆಲ್ಲೇ ಪೆಟ್ರೋಲಿಗಿಂತ ದುಬಾರಿ ಇರುತ್ತೆ. ಇಲ್ಲಿಯ ಕಣ್ಣಿನಿಂದ ಊರಿನ ಲೆಕ್ಕ ಹಾಕಿದರೆ ತಪ್ಪಾಗುವುದು ಇಲ್ಲೇ.

ಹಿಂದೆ ಹೀಗಿರಲಿಲ್ಲ. 1917ರಲ್ಲಿ ಹೆನ್ರಿ ಫೋರ್ಡ್ ತಯಾರಿಸಲು ಶುರುಮಾಡಿದ ಫೋರ್ಡ್‌ಸನ್ ಟ್ರ್ಯಾಕ್ಟರ್ ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುತ್ತಿತ್ತು. (ನಮ್ಮ ಕರಾವಳಿಯ ಹಳೆಯ ಪಂಪುಸೆಟ್ಟುಗಳು ನೆನಪಾದವಾ? ಅದೇ ಉಪಾಯ.) ಇಂಗ್ಲೆಂಡಿನಲ್ಲಿ 1946ರಲ್ಲಿ ಬಂದ ಫರ್ಗ್ಯುಸನ್ ಟಿ.ಇ.20 ಮೊದಲಿಗೆ ಪೆಟ್ರೋಲ್, 1951ರಿಂದ ಡೀಸೆಲ್ಲಿನಲ್ಲೂ ಸಿಗತೊಡಗಿತು. ಆಮೇಲೆ ಬಹಳ ವರ್ಷ ಅಮೆರಿಕ, ಇಂಗ್ಲೆಂಡಿನ ರೈತರು ಒಂದೇ ಮಾಡೆಲ್ಲಿನ ಟ್ರ್ಯಾಕ್ಟರನ್ನು ಪೆಟ್ರೋಲ್ ಬೇಕೋ ಡೀಸೆಲ್ ಬೇಕೋ ಅಂತ ಆರಿಸಿ ಕೊಳ್ಳುತ್ತಿದ್ದರು. ಕೊನೆಗೆ ಗೆದ್ದಿದ್ದು ಡೀಸೆಲ್. ಭಾರತದಲ್ಲಿ 1959ರಲ್ಲಿ ಫರಿದಾಬಾದಿನಿಂದ ಐಷರ್ ಟ್ರ್ಯಾಕ್ಟರ್ ಹೊರಬರುವ ಹೊತ್ತಿಗೆ ಈ ವಿಷಯ ಹೆಚ್ಚುಕಡಿಮೆ ತೀರ್ಮಾನ ಆಗಿಬಿಟ್ಟಿತ್ತು.

ಯಾಕೆ ಗೆದ್ದಿತು ಅಂದರೆ, ಎರಡೂ ಎಂಜಿನ್ ಕೆಲಸ ಮಾಡುವ ರೀತಿಯೇ ಬೇರೆ. ಪೆಟ್ರೋಲ್ ಎಂಜಿನ್ ಗಾಳಿ ಮತ್ತು ಪೆಟ್ರೋಲನ್ನು ಸೇರಿಸಿ ಒಳಗೆಳೆದುಕೊಂಡು, ಎಂಟು-ಹತ್ತರಲ್ಲಿ ಒಂದು ಪಾಲಿಗೆ ಒತ್ತಿ, ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತೆ. ಡೀಸೆಲ್ ಎಂಜಿನ್ ಬರೀ ಗಾಳಿಯನ್ನು ಎಳೆದುಕೊಂಡು ಹದಿನಾರು-ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತುತ್ತೆ. ಅಷ್ಟು ಒತ್ತಿದರೆ ಗಾಳಿಯೇ 500 ಡಿಗ್ರಿ ಮೀರಿ ಕಾಯುತ್ತೆ. ಅದರೊಳಕ್ಕೆ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತೆ, ಕಿಡಿ ಬೇಡ. ಹೀಗೆ ಹೆಚ್ಚು ಒತ್ತುವುದರಿಂದ ಅಷ್ಟೇ ಇಂಧನದಲ್ಲಿ ಹೆಚ್ಚು ಕೆಲಸ ಸಿಗುತ್ತೆ. ಮೇಲಾಗಿ ಒಂದು ಲೀಟರ್ ಡೀಸೆಲ್ಲು ಒಂದು ಲೀಟರ್ ಪೆಟ್ರೋಲಿಗಿಂತ ತೂಕ, ಅದರಲ್ಲಿ ಇರುವ ಶಕ್ತಿಯೂ ಶೇಕಡಾ ಹತ್ತಕ್ಕಿಂತ ಜಾಸ್ತಿ. ಇನ್ನೊಂದು ಗುಣ ಇದೆ, ಉಳುವವರಿಗೆ ಅದೇ ಮುಖ್ಯ. ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ನಿಮಿಷಕ್ಕೆ ಸುಮಾರು 2000 ಸುತ್ತಿನಲ್ಲೇ ತನ್ನ ಪೂರ್ತಿ ಬಲ ಕೊಡುತ್ತೆ. ಸಣ್ಣ ಪೆಟ್ರೋಲ್ ಎಂಜಿನ್ ಅದನ್ನು ಕೊಡಲು 3600 ಸುತ್ತು ತಿರುಗಬೇಕು. ಎರೆ ಹೊಲದಲ್ಲಿ ಪಲ್ಟಿ ನೇಗಿಲು ಗಟ್ಟಿ ಹೆಂಟೆಗೆ ಸಿಕ್ಕಾಗ ಡೀಸೆಲ್ ಎಂಜಿನ್ ಸ್ವಲ್ಪ ನರಳಿ ಹಾಗೇ ಎಳೆದುಕೊಂಡು ಹೋಗುತ್ತೆ, ಪೆಟ್ರೋಲ್ ಎಂಜಿನ್ ಅಲ್ಲೇ ಉಸಿರು ಕಟ್ಟಿ ನಿಲ್ಲುತ್ತೆ.

ಅಷ್ಟು ಒತ್ತಡ ತಡೆಯಬೇಕಾದರೆ ಎಂಜಿನ್ನಿನ ಮೈ ಗಟ್ಟಿ ಇರಬೇಕು. ಹಾಗಾಗಿ ಡೀಸೆಲ್ ಎಂಜಿನ್ ಭಾರ, ಬೆಲೆಯೂ ಜಾಸ್ತಿ. ಈ ಎರಡು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಿಜವಾದ ಆಯ್ಕೆ ಇರುವುದು ಸಣ್ಣ ಯಂತ್ರಗಳಲ್ಲಿ. ನಮ್ಮ ಓದುಗರಲ್ಲಿ ಬಹಳ ಮಂದಿ ಕರಾವಳಿ, ಮಲೆನಾಡಿನವರು. ಒಂದು ಎಕರೆ, ಎರಡು ಎಕರೆ ಅಡಿಕೆ ತೋಟ, ಬೈಲಿನಲ್ಲಿ ಒಂದಿಷ್ಟು ಗದ್ದೆ. ಇಂಥ ಕಡೆ ಕೊಳ್ಳುವುದು ಪವರ್ ವೀಡರ್ ಅಥವಾ ಪವರ್ ಟಿಲ್ಲರ್. 12-13 ಎಚ್.ಪಿ.ಯ ಟಿಲ್ಲರುಗಳು ಡೀಸೆಲ್, ಬೆಂಗಳೂರಿನ ವಿ.ಎಸ್.ಟಿ., ಕೇರಳದ ಕಾಮ್ಕೊ ಟಿಲ್ಲರುಗಳನ್ನು ನೀವು ನೋಡಿಯೇ ಇರುತ್ತೀರಿ. 5-7 ಎಚ್.ಪಿ.ಯ ವೀಡರುಗಳು ಮಾತ್ರ ಎರಡೂ ಬಗೆಯಲ್ಲಿ ಸಿಗುತ್ತವೆ. ಕೂತು ಓಡಿಸುವ ಪೆಟ್ರೋಲ್ ಯಂತ್ರವೂ ಒಂದು ಬಂದಿದೆ. ಸ್ವರಾಜ್ ಕಂಪನಿ 2021ರಲ್ಲಿ ತಂದ ಕೋಡ್ ಅನ್ನುವುದು ಸುಮಾರು 11 ಎಚ್.ಪಿ., ತರಕಾರಿ ಸಾಲಿನ ನಡುವೆ ನುಗ್ಗುವಷ್ಟು ಕಿರಿದು. ಅಂದರೆ ಪೆಟ್ರೋಲ್ ಹಿಂಬಾಗಿಲಿನಿಂದ ಮತ್ತೆ ಹೊಲಕ್ಕೆ ಬರುತ್ತಾ ಇದೆ.

ಈಗ ಖರ್ಚಿನ ಲೆಕ್ಕ. ಒಂದು 5 ಎಚ್.ಪಿ. ಎಂಜಿನ್ ಒಂದು ಗಂಟೆ ಪೂರ್ತಿ ಲೋಡಿನಲ್ಲಿ ಓಡಿದರೆ ಪೆಟ್ರೋಲ್ ಹೆಚ್ಚುಕಡಿಮೆ 1.6 ಲೀಟರ್, ಡೀಸೆಲ್ ಆದರೆ ಸುಮಾರು 1.15 ಲೀಟರ್ ಬೇಕು. ಬೆಂಗಳೂರಿನಲ್ಲಿ 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಏರಿಸಿದ ಮೇಲೆ ಪೆಟ್ರೋಲ್ 103 ರೂಪಾಯಿ ಹತ್ತಿರ ಹೋಯಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಇನ್ನೊಂದು 2 ರೂಪಾಯಿ ಏರಿ 91ರ ಆಸುಪಾಸಿಗೆ ಬಂತು. ಆ ದರದಲ್ಲಿ ಗಂಟೆಗೆ ಪೆಟ್ರೋಲಿಗೆ 165, ಡೀಸೆಲ್‌ಗೆ 105. ವ್ಯತ್ಯಾಸ ಗಂಟೆಗೆ 60 ರೂಪಾಯಿ. ಇನ್ನು ಡೀಸೆಲ್ ಯಂತ್ರ 30 ಸಾವಿರ ರೂಪಾಯಿ ಹೆಚ್ಚು ಅಂತ ಇಟ್ಟುಕೊಳ್ಳೋಣ. ನಿಮ್ಮದು ಒಂದೂವರೆ ಎಕರೆ ತೋಟ, ವರ್ಷಕ್ಕೆ ಒಟ್ಟು 40 ಗಂಟೆ ಓಡಿಸುತ್ತೀರಿ ಅಂದರೆ ಉಳಿತಾಯ ವರ್ಷಕ್ಕೆ 2400. ಆ 30 ಸಾವಿರ ವಾಪಸ್ ಬರೋದಕ್ಕೆ ಹನ್ನೆರಡೂವರೆ ವರ್ಷ! ಅಷ್ಟರೊಳಗೆ ವೀಡರ್ ಗುಜರಿಗೆ ಹೋಗಿರುತ್ತೆ. ಅದೇ ತಮ್ಮ ಊರಿನ ನಾಲ್ಕು ಮನೆ ತೋಟಕ್ಕೆ ಬಾಡಿಗೆಗೆ ಹೋಗಿ ವರ್ಷಕ್ಕೆ 400 ಗಂಟೆ ಓಡಿಸುತ್ತಾನೆ ಅಂದರೆ 24 ಸಾವಿರ ಉಳಿಯುತ್ತೆ, ಹದಿನೈದು ತಿಂಗಳಲ್ಲಿ ಹಣ ಕೈಗೆ ಬಂತು. ಡೀಲರ್ ಹೇಳುವ ಬೆಲೆಯನ್ನು ಈ ಲೆಕ್ಕಕ್ಕೆ ಹಾಕಿ ನೀವೇ ನೋಡಿಕೊಳ್ಳಿ.

ಡೀಸೆಲ್ ಅಂದರೆ ಅಗ್ಗ ಅನ್ನುವ ಮಾತು ಹಳೆಯ ಕಾಲದ್ದು ಅನ್ನುವುದನ್ನೂ ಇಲ್ಲೇ ಹೇಳಬೇಕು. 2012ರ ಸುಮಾರಿಗೆ ಬೆಂಗಳೂರಿನಲ್ಲಿ ಎರಡರ ನಡುವೆ ಲೀಟರಿಗೆ 30 ರೂಪಾಯಿಗೂ ಹೆಚ್ಚು ಅಂತರ ಇತ್ತು, ಯಾಕೆಂದರೆ ಡೀಸೆಲ್ ದರ ಸರ್ಕಾರದ ಹಿಡಿತದಲ್ಲಿತ್ತು. 2014ರ ಅಕ್ಟೋಬರ್‌ನಲ್ಲಿ ಅದನ್ನು ಬಿಟ್ಟರು. ಅಪ್ಪ ಈಗಲೂ ಆ ಹಳೆಯ ಅಂತರ ಮನಸ್ಸಿನಲ್ಲಿಟ್ಟುಕೊಂಡೇ ಮಾತಾಡುತ್ತಾರೆ.

ಆದರೆ ನಮ್ಮ ಚರ್ಚೆಯಲ್ಲಿ ಕೊನೆಗೆ ಎಲ್ಲರೂ ಒಪ್ಪಿದ ವಿಷಯ ರೂಪಾಯಿಯದ್ದಲ್ಲ. ಎಂಜಿನ್ ಸ್ಟಾರ್ಟ್ ಮಾಡುವವರು ಯಾರು? ದುಡ್ಡು ಕೊಡುವುದು ನಾವು, ಮಾಡೆಲ್ ಆರಿಸುವುದು ನಾವು, ಆದರೆ ವರ್ಷದ ಹನ್ನೊಂದು ತಿಂಗಳು ಆ ಮಿಷನ್ ಹಿಡಿಯುವುದು ಅರವತ್ತೈದು ದಾಟಿದ ಅಪ್ಪ, ಇಲ್ಲ ಹೆಂಡತಿ, ಇಲ್ಲ ಕಾಲೇಜಿಗೆ ಹೋಗುವ ತಮ್ಮ. ಸೆಲ್ಫ್ ಇಲ್ಲದ ಡೀಸೆಲ್ ಟಿಲ್ಲರ್ ಸ್ಟಾರ್ಟ್ ಮಾಡಬೇಕಾದರೆ ಎಡಗೈಯಲ್ಲಿ ಲಿವರ್ ಎತ್ತಿ ಹಿಡಿದು, ಬಲಗೈಯಲ್ಲಿ ಹ್ಯಾಂಡಲ್ ಜೋರಾಗಿ ತಿರುಗಿಸಿ, ವೇಗ ಬಂದ ಹೊತ್ತಿಗೆ ಲಿವರ್ ಬಿಡಬೇಕು. ಹೊತ್ತು ತಪ್ಪಿದರೆ ಹ್ಯಾಂಡಲ್ ಹಿಂದಕ್ಕೆ ಹೊಡೆಯುತ್ತೆ. ಹೆಬ್ಬೆರಳನ್ನು ಹ್ಯಾಂಡಲ್‌ಗೆ ಸುತ್ತಿ ಹಿಡಿದವರ ಮಣಿಕಟ್ಟು ಮುರಿದದ್ದು ನಮ್ಮ ಬಳಗದವರೇ ಕಣ್ಣಾರೆ ಕಂಡಿದ್ದಾರೆ. (ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಬೇಕು, ಸುತ್ತಬಾರದು. ಮನೆಯವರಿಗೆ ಈ ಒಂದು ಮಾತು ಫೋನಿನಲ್ಲಿ ಆದರೂ ಹೇಳಿ.) ಪೆಟ್ರೋಲ್ ವೀಡರ್ ಹಾಗಲ್ಲ, ಹಗ್ಗ ಎಳೆದರೆ ಎರಡು-ಮೂರು ಎಳೆತಕ್ಕೆ ಹೊತ್ತಿಕೊಳ್ಳುತ್ತೆ.

ತೂಕವೂ ಹಾಗೆಯೇ. 5 ಎಚ್.ಪಿ.ಯ ಪೆಟ್ರೋಲ್ ಎಂಜಿನ್ ಒಂದೇ 15-16 ಕಿಲೋ, ಅದೇ ಶಕ್ತಿಯ ಡೀಸೆಲ್ ಎಂಜಿನ್ ಅದರ ಎರಡು ಪಟ್ಟು ತೂಗುತ್ತೆ. ಗೇರು, ಚಕ್ರ, ಬ್ಲೇಡು ಸೇರಿದರೆ ಡೀಸೆಲ್ ವೀಡರನ್ನು ತೋಟದ ಒಂದು ತಟ್ಟಿನಿಂದ ಇನ್ನೊಂದಕ್ಕೆ ಇಳಿಸಲು ಇಬ್ಬರು ಬೇಕು. ಮನೆಯಲ್ಲಿ ಆ ಇಬ್ಬರು ಇಲ್ಲ ಅಂತಲೇ ತಾನೇ ಮಿಷನ್ ತಂದಿದ್ದು? ಉತ್ತರ ಕನ್ನಡದ ಕಡೆಯ ಒಬ್ಬ ಗೆಳೆಯರು ಶೋರೂಮಿನವರ ಮಾತು ಕೇಳಿ ದೊಡ್ಡ ಡೀಸೆಲ್ ವೀಡರನ್ನೇ ಕಳಿಸಿದರು. ಅವರು ಸೌದಿಗೆ ವಾಪಸಾದ ಮೇಲೆ ಅದು ಕೊಟ್ಟಿಗೆಯಲ್ಲಿ ನಿಂತಿದೆ, ಅವರ ತಾಯಿ ಅದರ ಮೇಲೆ ಗೋಣಿ ಒಣಗಿಸುತ್ತಾರೆ. ಎರಡು ವರ್ಷದ ಉಳಿತಾಯ ಅದು. ಗಲ್ಫಿನವರು ಅಂತ ಗೊತ್ತಾದ ಕೂಡಲೇ ಕೆಲವು ಡೀಲರುಗಳು ಒಂದು ಸೈಜ್ ದೊಡ್ಡದನ್ನೇ ತೋರಿಸುತ್ತಾರೆ. ನಮಗೂ ಸಣ್ಣದು ಬೇಕು ಅಂತ ಬಾಯಿಬಿಟ್ಟು ಹೇಳಲು ಏನೋ ಸಂಕೋಚ.

ಹಾಗಂತ ಗದ್ದೆ ಕೆಲಸವೇ ಮುಖ್ಯ ಆಗಿದ್ದವರು ಪೆಟ್ರೋಲ್ ವೀಡರ್ ನಂಬಬೇಡಿ. ಮೊಣಕಾಲುದ್ದದ ಕೆಸರಿನಲ್ಲಿ ಕಬ್ಬಿಣದ ಚಕ್ರ ಹಾಕಿ ಹೂಡುವುದು ಡೀಸೆಲ್ ಟಿಲ್ಲರಿನ ಕೆಲಸ. ಅದಕ್ಕೆ ಹಿಡಿಯುವವರಿಗೆ ತೋಳಿನಲ್ಲಿ ಬಲ ಬೇಕು, ಇಲ್ಲದಿದ್ದರೆ ಬಾಡಿಗೆಗೆ ಹೇಳುವುದೇ ವಾಸಿ. ಕೆಲವು ಟಿಲ್ಲರುಗಳಲ್ಲಿ ಸೆಲ್ಫ್ ಸ್ಟಾರ್ಟ್ ಬರುತ್ತೆ. ಹಣ ಸ್ವಲ್ಪ ಹೆಚ್ಚಾದರೂ ಅಪ್ಪನಿಗಾಗಿ ಅದನ್ನೇ ತೆಗೆದುಕೊಳ್ಳಿ. ಕಲಬುರಗಿ, ಬೀದರ್, ವಿಜಯಪುರದ ಕಡೆಯವರಿಗೆ ಈ ತಾಪತ್ರಯ ಇಲ್ಲ. ಅಲ್ಲಿ ಬೇಕಾದದ್ದು ದೊಡ್ಡ ಟ್ರ್ಯಾಕ್ಟರ್, ಅದು ಡೀಸೆಲ್ಲೇ. ಅವರು ನೋಡಬೇಕಾದದ್ದು ಬೇರೆ: 2023ರ ಜನವರಿಯಿಂದ 50 ಎಚ್.ಪಿ. ಮೀರಿದ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ನಿಯಮ ಬಂದಿದೆ, ಅವುಗಳ ಇಂಧನ ವ್ಯವಸ್ಥೆ ಈಗ ಎಲೆಕ್ಟ್ರಾನಿಕ್. 50ರ ಕೆಳಗಿನವನ್ನು ಇನ್ನೂ ಊರಿನ ಮೇಸ್ತ್ರಿಯೇ ಬಿಚ್ಚಿ ಕೂರಿಸಬಲ್ಲರು. ನೀವು ಇಲ್ಲಿ ಕೂತಿರುವಾಗ ಬಿತ್ತನೆ ಸಮಯದಲ್ಲಿ ಟ್ರ್ಯಾಕ್ಟರ್ ನಿಂತರೆ ಕಂಪನಿ ಮೆಕ್ಯಾನಿಕ್ ಬರುವ ತನಕ ಹದ ಕಾಯುವುದಿಲ್ಲ.

ಪೆಟ್ರೋಲ್ ತೆಗೆದುಕೊಳ್ಳುವವರಿಗೆ ಒಂದು ಎಚ್ಚರಿಕೆ. ಈಗ ನಮ್ಮ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇರುತ್ತೆ. ಎಥನಾಲ್ ಗಾಳಿಯಲ್ಲಿರುವ ನೀರಿನ ಪಸೆಯನ್ನು ಹೀರಿಕೊಳ್ಳುತ್ತೆ. ದಿನಾ ಓಡುವ ಬೈಕಿಗೆ ಅದು ಲೆಕ್ಕಕ್ಕಿಲ್ಲ, ವರ್ಷಕ್ಕೆ ಮೂರು ಸಲ ಹೊರಗೆ ಬರುವ ವೀಡರಿಗೆ ಲೆಕ್ಕಕ್ಕಿದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಲ್ಲಿ ನೀರು ಬೇರೆಯಾಗಿ ತಳಕ್ಕೆ ಕೂರುತ್ತೆ, ಕಾರ್ಬ್ಯುರೇಟರಿನ ಸಣ್ಣ ತೂತಿನಲ್ಲಿ ಅಂಟು ಕಟ್ಟುತ್ತೆ. ಮಳೆಗಾಲ ಮುಗಿದು ತೆಗೆದಾಗ ಸ್ಟಾರ್ಟ್ ಆಗುವುದಿಲ್ಲ. ಎಷ್ಟೋ ಸಣ್ಣ ಎಂಜಿನ್ನುಗಳನ್ನು ಶೇಕಡಾ 10ರವರೆಗಿನ ಎಥನಾಲ್‌ಗಷ್ಟೇ ಮಾಡಿರುತ್ತಾರೆ, ಕೊಳ್ಳುವಾಗ ಪುಸ್ತಕ ತೆರೆದು ನೋಡಿ. ಉಪಾಯ ಸುಲಭ: ಕೆಲಸ ಮುಗಿದ ದಿನ ಟ್ಯಾಂಕು ಖಾಲಿ ಮಾಡಿ, ಪೆಟ್ರೋಲ್ ನಳ್ಳಿ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಇಡಬೇಕು. ಇನ್ನೊಂದು ತೊಡಕು, ಪ್ಲಾಸ್ಟಿಕ್ ಕ್ಯಾನು, ಬಾಟಲಿಗೆ ಪೆಟ್ರೋಲ್ ಹಾಕಲು ಅನೇಕ ಬಂಕಿನವರು ಒಪ್ಪುವುದಿಲ್ಲ. ಮನೆಯಲ್ಲಿ ಬೈಕು ಇದ್ದರೆ ಅದರ ಟ್ಯಾಂಕಿನಿಂದ ಇಳಿಸಿಕೊಳ್ಳಬಹುದು, ಇಲ್ಲದ ಮನೆಗೆ ಇದು ದೊಡ್ಡ ತಲೆನೋವು.

ಡೀಸೆಲ್ ಇಟ್ಟರೆ ಅಷ್ಟು ಬೇಗ ಕೆಡುವುದಿಲ್ಲ, ಬೆಂಕಿಯ ಹೆದರಿಕೆಯೂ ಕಡಿಮೆ. ಅದರ ಸಮಸ್ಯೆ ಬೇರೆ. ಟ್ಯಾಂಕು ಪೂರ್ತಿ ಬರಿದಾದರೆ ಪೈಪಿನಲ್ಲಿ ಗಾಳಿ ಸೇರಿಕೊಂಡು, ಮತ್ತೆ ಡೀಸೆಲ್ ತುಂಬಿದರೂ ಎಂಜಿನ್ ಏಳುವುದಿಲ್ಲ. ಫಿಲ್ಟರಿನ ಸ್ಕ್ರೂ ಸಡಿಲಿಸಿ ಗುಳ್ಳೆ ಹೋಗುವ ತನಕ ಗಾಳಿ ಬಿಡಬೇಕು. ಐದು ನಿಮಿಷದ ಕೆಲಸ, ಗೊತ್ತಿಲ್ಲದವರಿಗೆ ಐನೂರು ರೂಪಾಯಿಯ ಮೇಸ್ತ್ರಿ ಕೂಲಿ. ರಜೆಯಲ್ಲಿ ಹೋದಾಗ ಮನೆಯವರ ಕೈಯಲ್ಲೇ ಒಮ್ಮೆ ಮಾಡಿಸಿ ತೋರಿಸಿ. ಎರಡೂ ಬಗೆಯ ಯಂತ್ರ ಇರುವ ಮನೆಯಲ್ಲಿ ಕ್ಯಾನುಗಳ ಬಣ್ಣ ಬೇರೆ ಬೇರೆ ಇರಲಿ. ಡೀಸೆಲ್ ಪಂಪಿಗೆ ಡೀಸೆಲ್ಲೇ ಎಣ್ಣೆಯ ಹಾಗೆ ಜಾರಿಕೆ ಕೊಡುವುದು. ಅದರೊಳಗೆ ಪೆಟ್ರೋಲ್ ಹೋದರೆ ಪಂಪು, ನಾಜಲ್ ಎರಡೂ ಸವೆದು ಹೋಗುತ್ತವೆ. ಹುಲ್ಲು ಕತ್ತರಿಸುವ ಟೂ ಸ್ಟ್ರೋಕ್ ಮಿಷನ್ನಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಬೇಕು, ಫೋರ್ ಸ್ಟ್ರೋಕ್ ವೀಡರಿಗೆ ಬೆರೆಸಬಾರದು, ಅದರ ಆಯಿಲ್ ಕೆಳಗೆ ಬೇರೆಯೇ ಇರುತ್ತೆ. ಹೊಸ ಎಂಜಿನ್ನಿನ ಆಯಿಲ್ ಮೊದಲ 20 ಗಂಟೆಗೇ ಬದಲಿಸಬೇಕು ಅಂತ ಬಹಳ ಕಂಪನಿಗಳು ಹೇಳುತ್ತವೆ. ಬಹಳ ಮನೆಗಳಲ್ಲಿ ಅದನ್ನು ಯಾರೂ ಮಾಡುವುದಿಲ್ಲ.

ಪೆಟ್ರೋಲ್ ಎಂಜಿನ್ ಬಿಸಿ ಇರುವಾಗ ಟ್ಯಾಂಕು ತುಂಬಿಸಬಾರದು ಅನ್ನುವುದು ಎಲ್ಲರಿಗೂ ಗೊತ್ತಿದೆ. ಗೊತ್ತಿರಬೇಕಾದ ಇನ್ನೊಂದಿದೆ. ಪೆಟ್ರೋಲ್ ಅಥವಾ ಸೀಮೆಎಣ್ಣೆ ಎಂಜಿನ್ನನ್ನು ಬಾವಿಯೊಳಗೆ ಇಳಿಸಿ, ಮುಚ್ಚಿದ ಪಂಪ್ ಶೆಡ್ಡಿನಲ್ಲಿಟ್ಟು ಓಡಿಸುವುದು ಜೀವಕ್ಕೇ ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಒಳಗಿಳಿದವರು ಕುಸಿದರೆ ಎತ್ತಲು ಹೋದವರೂ ಕುಸಿಯುತ್ತಾರೆ. ಡೀಸೆಲ್ ಹೊಗೆಯಲ್ಲಿ ಅದು ಕಡಿಮೆ, ಆದರೆ ಮುಚ್ಚಿದ ಜಾಗದಲ್ಲಿ ಅದನ್ನೂ ನಂಬುವ ಹಾಗಿಲ್ಲ.

ಇಲ್ಲಿಂದಲೇ ಒಂದು ಎಂಜಿನ್ ತೆಗೆದುಕೊಂಡು ಹೋಗಲಾ ಅಂತ ಕೇಳುವವರಿದ್ದಾರೆ. ಒಮ್ಮೆ ಪೆಟ್ರೋಲ್ ಹಾಕಿ ಓಡಿಸಿದ ಎಂಜಿನ್ ವಿಮಾನದವರ ಪ್ರಕಾರ ಅಪಾಯಕಾರಿ ವಸ್ತು, ಲಗೇಜಿನಲ್ಲಿ ಬಿಡುವುದಿಲ್ಲ. ಹೊಸದೇ ಆದರೂ ಊರಿನಲ್ಲಿ ಅದಕ್ಕೆ ವಾರಂಟಿ ಯಾರು ಕೊಡುತ್ತಾರೆ? ಬೇಡ ಅಂತಲೇ ನಮ್ಮ ಅಭಿಪ್ರಾಯ.

ಕೊಳ್ಳುವ ಮೊದಲು ಕಾಗದಪತ್ರದ ಕೆಲಸ ಒಂದಿದೆ, ಇದರಲ್ಲಿ ನಮ್ಮವರು ಸುಮ್ಮನೆ ಹಣ ಕಳೆದುಕೊಳ್ಳುತ್ತಾರೆ. ಕೃಷಿ ಯಂತ್ರಗಳಿಗೆ ಸಾಮಾನ್ಯ ವರ್ಗದವರಿಗೆ ಶೇಕಡಾ 50ರವರೆಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇಕಡಾ 90ರವರೆಗೆ ಸಬ್ಸಿಡಿ ಇದೆ, ಪ್ರತಿ ಯಂತ್ರಕ್ಕೂ ಒಂದು ಮಿತಿ ಇರುತ್ತೆ. ಅದು ಸಿಗುವುದು ಪಹಣಿಯಲ್ಲಿ ಹೆಸರಿರುವ ರೈತರಿಗೆ. ಜಮೀನು ಅಪ್ಪನ ಹೆಸರಿನಲ್ಲಿದ್ದು ಬಿಲ್ಲು ನಿಮ್ಮ ಹೆಸರಿನಲ್ಲಾದರೆ ಸಬ್ಸಿಡಿ ಮರೆತುಬಿಡಿ. ಅಪ್ಪನ ಹೆಸರು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿ ಆಗಿರಬೇಕು, ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿರಬೇಕು. 2022-23ರ ಬಜೆಟ್ಟಿನಲ್ಲಿ ಘೋಷಿಸಿದ ರೈತ ಶಕ್ತಿ ಯೋಜನೆಯ ಡೀಸೆಲ್ ಸಹಾಯಧನ, ಅಂದರೆ ಎಕರೆಗೆ 250ರಂತೆ ಐದು ಎಕರೆವರೆಗೆ 1250 ರೂಪಾಯಿ, ಅದಕ್ಕೂ ಇದೇ ನೋಂದಣಿಯೇ ಆಧಾರವಾಗಿತ್ತು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಮೊದಲು, ಖರೀದಿ ಆಮೇಲೆ. ರಜೆ ಮೂವತ್ತೇ ದಿನ ಇರುವುದರಿಂದ ಅರ್ಜಿಯ ಕೆಲಸವನ್ನು ನೀವು ಊರಿಗೆ ಹೊರಡುವ ಮೂರು-ನಾಲ್ಕು ತಿಂಗಳ ಮೊದಲೇ ಮನೆಯವರಿಂದ ಮಾಡಿಸಿ. ಬೆಲೆ ಕೇಳುವಾಗ ಇದನ್ನೂ ನೆನಪಿಡಿ: 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮತ್ತು ಕೃಷಿ ಯಂತ್ರಗಳ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ಹಿಡಿದು ಮಾತಾಡುವವರ ಹತ್ತಿರ ಹೊಸ ಬಿಲ್ಲು ಕೇಳಿ.

ಕೊಳ್ಳಲೇಬೇಕು ಅಂತಲೂ ಇಲ್ಲ. ಸರ್ಕಾರ 2014-15ರಲ್ಲಿ ಶುರುಮಾಡಿದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ, ಟ್ರ್ಯಾಕ್ಟರು, ಟಿಲ್ಲರು ಬಾಡಿಗೆಗೆ ಸಿಗುತ್ತವೆ. ಒಂದೇ ಕಷ್ಟ, ಮಳೆ ಬಿದ್ದ ವಾರ ಎಲ್ಲರಿಗೂ ಒಟ್ಟಿಗೇ ಬೇಕು. ನಮ್ಮಲ್ಲಿ ಕೆಲವರು ಮಾಡಿರುವ ಏರ್ಪಾಡು ಹೀಗಿದೆ: ಗದ್ದೆ ಹೂಟೆಗೆ ಡೀಸೆಲ್ ಟಿಲ್ಲರ್ ಬಾಡಿಗೆಗೆ ಮೊದಲೇ ಹೇಳಿಡುವುದು, ತೋಟದ ಕಳೆಗೆ ಹೆಂಡತಿ ಒಬ್ಬರೇ ಹಿಡಿಯುವಂಥ ಸಣ್ಣ ಪೆಟ್ರೋಲ್ ವೀಡರ್ ಸ್ವಂತಕ್ಕೆ ಕೊಳ್ಳುವುದು. ಎರಡು ಎಕರೆಯೊಳಗಿನವರಿಗೆ ನಮಗೆ ಸರಿ ಕಂಡದ್ದು ಇದೇ.

ಶೋರೂಮಿಗೆ ಹೋಗುವಾಗ ನೀವೊಬ್ಬರೇ ಹೋಗಬೇಡಿ. ಮಿಷನ್ ಹಿಡಿಯುವವರನ್ನು ಕರೆದುಕೊಂಡು ಹೋಗಿ, ತಣ್ಣಗಿರುವ ಎಂಜಿನ್ನನ್ನು ಅವರ ಕೈಯಲ್ಲೇ ಮೂರು ಸಲ ಸ್ಟಾರ್ಟ್ ಮಾಡಿಸಿ. ಅಂಗಳದಲ್ಲಿ ಒಮ್ಮೆ ತಿರುಗಿಸಿ ನೋಡಲಿ, ಹಿಂದಕ್ಕೆ ಬರುವ ಗೇರು ಹಾಕಿ ನೋಡಲಿ. ಅವರಿಂದ ಆಗದಿದ್ದರೆ, ಡೀಲರ್ ಎಷ್ಟೇ ರಿಯಾಯಿತಿ ಕೊಟ್ಟರೂ ಇನ್ನೊಂದು ಮಾಡೆಲ್ ತೋರಿಸಲು ಹೇಳಿ.